ಸಾಯಲು ಬಾರದ ನಟ

ನಾಟಕದ ಮೇಷ್ಟ್ರ ಕಿವಿಗಳ ಮೇಲಂಚು ಯಾವಾಗಲೂ ಕಪ್ಪಗಿರುತ್ತಿತ್ತು. ತಲೆಗೆ ಬಳಿದುಕೊಂಡ ಬಣ್ಣ ಕೂದಲಿನಲ್ಲಿ ನಿಲ್ಲದೆ ಕಿವಿಗೂ ಹಣೆಗೂ ಇಳಿಯುತ್ತಿತ್ತು. ಸೆಖೆಗಾಲದಲ್ಲಿ ಅದು ಬೆವರಿನ ಜೊತೆ ಕೆನ್ನೆಯ ಮೇಲೊಂದು ಗೆರೆಯಾಗಿ ಹರಿದು ಜುಬ್ಬಾದ ಕತ್ತಿನ ಪಟ್ಟಿ ಸೇರುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ. ಕನ್ನಡಿಯ ಮುಂದೆ ಅಷ್ಟು ಹೊತ್ತು ಕಳೆಯುವವರಿಗೆ ತಮ್ಮ ಕಿವಿ ಕಾಣುವುದಿಲ್ಲವೇ ಎಂದು ಮೊದಲ ದಿನವೇ ನನಗೆ ಅಸಹ್ಯವಾಗಿತ್ತು. ಅವರಿಗೆ ಕನ್ನಡಿಯಲ್ಲಿ ಕಾಣುತ್ತಿದ್ದವನು ಯಾವುದೋ ನಾಟಕದ ರಾಜ, ಆ ರಾಜನಿಗೆ ಕಿವಿ ಶುಭ್ರವಾಗಿಯೇ ಇತ್ತೇನೋ.

ಅವರು ನಮ್ಮ ಕಡೆಯವರಲ್ಲ. ಒಂದು ಕಾಲಕ್ಕೆ ಊರೂರು ತಿರುಗುವ ನಾಟಕ ಕಂಪನಿಯಲ್ಲಿದ್ದರಂತೆ. ಕಂಪನಿ ಮುಚ್ಚಿದ ಮೇಲೆ ನಮ್ಮ ಹಳೇಬೀಡಿನಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು ಉಳಿದುಕೊಂಡರು. ದೇವಸ್ಥಾನದ ಗೇಟಿನ ಹೊರಗೆ ಜರಿಯ ಕಿರೀಟ ಇಟ್ಟುಕೊಂಡು, ತಗಡಿನ ಕತ್ತಿ ಹಿಡಿದು, ಹೊಯ್ಸಳ ರಾಜನಾಗಿ ಪ್ರವಾಸಿಗರ ಪಕ್ಕ ಫೋಟೋಗೆ ನಿಲ್ಲುತ್ತಿದ್ದರು. ಕಾವಲಿನವರು ಓಡಿಸಿದ ದಿನ ಕಿರೀಟವನ್ನು ಕಂಕುಳಲ್ಲಿ ಇರುಕಿಕೊಂಡು ಅರಸೀಕೆರೆ ಬಸ್ಸು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಎಲ್ಲಿಗೋ ಹೋಗಿ, ಕೆಲವು ದಿನಗಳ ಶಿಬಿರವೊಂದನ್ನು ಮುಗಿಸಿ ಬಂದು, ನಾಟಕದಿಂದ ಮನಸ್ಸಿನ ಗಾಯ ವಾಸಿ ಮಾಡುವ ತಜ್ಞರಾಗಿಬಿಟ್ಟರು. ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿ, ಹೋದಲ್ಲೆಲ್ಲ ಗೋಡೆಗೆ ಒರಗಿಸಿ ಇಡುತ್ತಿದ್ದರು. ನಾನು ಕೊಬ್ಬರಿ ವ್ಯಾಪಾರಿ. ಹೊರಗೆ ನುಣ್ಣಗೆ ಹೊಳೆಯುತ್ತ, ಒಡೆದರೆ ಕಮಟು ನಾರುವ ಉಂಡೆಕೊಬ್ಬರಿಯನ್ನು ದಿನಾ ನೋಡುವವನು. ಇಂಥವರನ್ನು ಗುರುತಿಸಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ.

ಆದರೂ ಅವರ ಮುಂದೆ ಹೋಗಿ ಕೂರುವ ಗತಿ ನನಗೆ ಬಂತು. ಅದಕ್ಕೆ ಕಾರಣ ಬೆಂಕಿ.

ನಮ್ಮ ಅಂಗಡಿಯ ಹಿಂದೆಯೇ ಕೊಬ್ಬರಿ ಗೋದಾಮು. ಮಧ್ಯಾಹ್ನ ಊಟವಾದ ಮೇಲೆ ಶಟರ್ ಎಳೆದುಕೊಂಡು, ಗೋಣಿಚೀಲದ ಮೇಲೆ ಒಂದು ನಿದ್ದೆ ತೆಗೆಯುವುದು ನಮ್ಮ ಪೇಟೆಯವರ ಅಭ್ಯಾಸ. ನನ್ನ ಅಣ್ಣನಿಗೂ ಅದೇ ಅಭ್ಯಾಸ. ಆ ದಿನ ಒಳಗೆ ಕರೆಂಟಿನ ತಂತಿ ಹತ್ತಿಕೊಂಡಿತು. ಕೊಬ್ಬರಿ ಎಂದರೆ ಎಣ್ಣೆ, ಹೆಚ್ಚು ಹೇಳಬೇಕಿಲ್ಲ. ನಾನು ಊಟ ಮುಗಿಸಿ ಬರುವ ಹೊತ್ತಿಗೆ ಶಟರ್ ಕಾದು ಸೊಟ್ಟಗಾಗಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಎತ್ತಲು ಹೋದೆ. ಎರಡು ಅಂಗೈಯಲ್ಲೂ ಆ ಗುರುತು ಈಗಲೂ ಇದೆ. ಜನ ಸೇರಿ ಹಿಂದಿನ ಗೋಡೆ ಒಡೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡುತ್ತೇವೆ. ಅಣ್ಣನನ್ನು ಕೂರಿಸುವ ಸ್ಥಿತಿ ಇರಲಿಲ್ಲ.

ಆಮೇಲೆ ನಾನು ಬೆಂಕಿಕಡ್ಡಿ ಮುಟ್ಟಲಿಲ್ಲ. ಮನೆಗೆ ಕರೆಂಟಿನ ಒಲೆ ಬಂತು. ಪೂಜೆಯಲ್ಲಿ ಕರ್ಪೂರ ಹಚ್ಚಿದರೆ ನನ್ನ ಮೊಣಕಾಲು ಕುಸಿಯುತ್ತಿತ್ತು, ಹಾಗಾಗಿ ಆರತಿಯ ಹೊತ್ತಿಗೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಮದುವೆಮನೆಗಳಿಗೆ ಹೋದರೆ ಊಟದ ಹೊತ್ತಿಗೆ ಮುಖ ತೋರಿಸಿ ಬರುತ್ತಿದ್ದೆ. ಇದೆಲ್ಲ ಹೇಗೋ ನಡೆದುಹೋಗುತ್ತಿತ್ತು. ನಡೆಯದೇ ಹೋದದ್ದು ಒಂದು. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಅವನು ಶಟರಿನ ಒಳಗಿನಿಂದ ಕೊನೆಗೆ ಏನೆಂದ ಎಂದು ಕೇಳುತ್ತಿದ್ದರು. ಅದನ್ನು ಕೇಳಿದವನು ನಾನೊಬ್ಬನೇ. ಅವರು ಬಾಯಿ ತೆರೆದ ಕೂಡಲೇ ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿಯುತ್ತಿದ್ದೆ. ಹೇಳಬಾರದೆಂದಲ್ಲ. ಹೇಳಲು ಹೋದರೆ ಗಂಟಲಲ್ಲಿ ಹೊಗೆ ತುಂಬಿಕೊಳ್ಳುತ್ತಿತ್ತು, ಕೆಮ್ಮು ಬರುತ್ತಿತ್ತು. ಅತ್ತಿಗೆ ಮಾತ್ರ ನಾನು ಏನೋ ಘೋರವಾದದ್ದನ್ನು ಮುಚ್ಚಿಡುತ್ತಿದ್ದೇನೆ ಎಂದುಕೊಂಡು ಒಳಗೇ ಸವೆಯುತ್ತಿದ್ದರು.

ಮೇಷ್ಟ್ರ ಪೋಸ್ಟರನ್ನು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ನೋಡಿದವರೂ ಅತ್ತಿಗೆಯೇ.

"ಭಾನುವಾರ ಹೋಗ್ಬರಾಣ ಕಣಪ್ಪ," ಅಂದರು.

"ಆ ಕಿರೀಟದ ಮುದುಕನ ಹತ್ರವೇ? ನಮ್ ಮರ್ಯಾದೆ ಏನಾಗ್ಬೇಕು ಅತ್ತಿಗೆ?"

"ಮರ್ಯಾದೆ ಇಟ್ಕೊಂಡು ನಾನೇನ್ ಮಾಡ್ಲಿ? ನೀನು ಬರದಿದ್ರೆ ಬ್ಯಾಡ. ನಾನೊಬ್ಳೇ ಹೋಗಿ ಕೂತ್ಕೋತೀನಿ."

ಹೋದೆ. ಕಲ್ಯಾಣಮಂಟಪವೊಂದರ ಊಟದ ಹಾಲ್. ಹಿಂದಿನ ದಿನದ ಮದುವೆಯ ಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಉಳಿದ ಬೂಂದಿಯನ್ನು ಮೇಷ್ಟ್ರು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಇಳಿಸುತ್ತಿದ್ದಾಗಲೇ ನಾವು ಒಳಗೆ ಕಾಲಿಟ್ಟದ್ದು. ಅವರಿಗೆ ನಾಚಿಕೆಯಾಗಲಿಲ್ಲ. ರಂಗದ ಮೇಲೆ ಪ್ರವೇಶಿಸಿದವರಂತೆ ಎರಡೂ ಕೈ ಅಗಲಿಸಿ, "ಬನ್ನಿ, ಬನ್ನಿ, ಒಳಗಿರೋದನ್ನೆಲ್ಲ ಇವತ್ತು ಹೊರಗೆ ತರೋಣ," ಎಂದರು. ಜೇಬಿನಲ್ಲಿ ಇರುವುದನ್ನು ಮೊದಲು ಹೊರಗೆ ತೆಗೆಯಿರಿ ಎನ್ನಬೇಕೆನಿಸಿತು.

ನಮ್ಮ ಜೊತೆ ಇನ್ನೂ ಕೆಲವರಿದ್ದರು. ಅವರಲ್ಲಿ ನೆನಪಿನಲ್ಲಿ ನಿಂತವರು ಇಬ್ಬರು. ಕಣಕಟ್ಟೆ ಕಡೆಯ ಒಬ್ಬ ಡ್ರೈವರ್. ಒಂದು ಅಪಘಾತವಾದ ಮೇಲೆ ಸ್ಟಿಯರಿಂಗ್ ಹಿಡಿದರೆ ಕೈ ನಡುಗಿ ಕೆಲಸ ಬಿಟ್ಟಿದ್ದ. ಇನ್ನೊಬ್ಬರು ಬಸ್ತಿಹಳ್ಳಿಯ ಅಜ್ಜಿ. ಅವರನ್ನು ಕಾಡುತ್ತಿರುವ ದುಃಖ ಯಾವುದು ಎಂದು ಮೇಷ್ಟ್ರು ಕಣ್ಣು ಅರೆಮುಚ್ಚಿ, ದನಿ ತಗ್ಗಿಸಿ ಕೇಳಿದರು.

"ನಂಗೇನೂ ಇಲ್ಲ ಕಣಪ್ಪ," ಅಂದರು ಅಜ್ಜಿ. "ನಾಟ್ಕ ಐತೆ ಅಂದ್ರು, ಬಂದೆ. ಯಾವಾಗ ಸುರು ಮಾಡ್ತೀಯ?"

ಮೊದಲ ಕೆಲವು ವಾರ ನಡೆದದ್ದನ್ನು ಬರೆಯಲು ಈಗಲೂ ನನಗೆ ಮುಜುಗರ. ಸುತ್ತ ನಿಂತು ಕೈ ಕೈ ಹಿಡಿದುಕೊಳ್ಳಬೇಕು. ಮರವಾಗಬೇಕು. ಗಾಳಿಗೆ ಅಲ್ಲಾಡಬೇಕು. ತೆಂಗಿನ ತೋಟದವರ ಮಧ್ಯೆ ನಿಂತು ಈ ಮನುಷ್ಯ ಮರ ಹೇಗೆ ಅಲ್ಲಾಡುತ್ತದೆಂದು ಹೇಳಿಕೊಡುತ್ತಿದ್ದರು, ಅದೂ ಸೊಂಟ ಬಳುಕಿಸಿ. ಯಾರಾದರೂ ಅತ್ತರೆ ಅವರಿಗಿಂತ ಜೋರಾಗಿ ತಾವೇ ಅತ್ತುಬಿಡುತ್ತಿದ್ದರು. ಆಮೇಲೆ ನಾವೇ ಅವರಿಗೆ ನೀರು ಕೊಟ್ಟು ಸಮಾಧಾನ ಮಾಡಬೇಕಿತ್ತು.

ಇಷ್ಟರ ಮೇಲೆ ಅವರ ಮುಖ್ಯ ಚಿಕಿತ್ಸೆ. ನಮಗಾದದ್ದನ್ನು ನಾವು ಹೇಳಬೇಕು, ಉಳಿದವರು ಅದನ್ನು ಆಡಿ ತೋರಿಸಬೇಕು, ನಾವು ಹೊರಗೆ ಕೂತು ನೋಡಬೇಕು. ಯಾವ ಪಾತ್ರ ಯಾರಿಗೆ ಕೊಡಬೇಕೆಂಬುದನ್ನು ನೊಂದವರೇ ಆರಿಸಬೇಕು ಎಂಬುದು ನಿಯಮವಂತೆ. ಆದರೆ ಮುಖ್ಯ ಪಾತ್ರ ಯಾವತ್ತೂ ಮೇಷ್ಟ್ರದೇ. ಡ್ರೈವರ್ ಕಥೆಯಲ್ಲಿ ಡ್ರೈವರ್ ಅವರೇ. ಯಾರೋ ಒಬ್ಬಾಕೆ ಅತ್ತೆಯ ಕಾಟ ಹೇಳಿಕೊಂಡಾಗ ಸೆರಗು ಹೊದ್ದು ಅತ್ತೆಯಾದವರೂ ಅವರೇ. "ಹೀರೋ ಪಾರ್ಟು ಬೇರೆಯವ್ರಿಗೆ ಕೊಟ್ರೆ ಕೆಟ್ಟೋಗ್ತದೆ ಸ್ವಾಮಿ," ಎಂದು ನಮಗೇ ತಿಳಿಹೇಳುತ್ತಿದ್ದರು.

ನನ್ನ ಸರದಿ ಬಂದಾಗ ನಾನು ಹೇಳಿದ್ದು ಒಂದೇ ಮಾತು: ಅಣ್ಣ ಗೋದಾಮಿನ ಬೆಂಕಿಯಲ್ಲಿ ಹೋದ. ಅಷ್ಟಕ್ಕೇ ಕೆಮ್ಮು ಬಂತು, ಹೋಗಿ ಕೂತೆ. ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಕಣ್ಣಲ್ಲಿ ಬೆಳಕು ಬಂತು. ಸಾಯುವ ಪಾರ್ಟು ಸಿಕ್ಕಿತಲ್ಲ. ಡ್ರೈವರನ್ನೂ ಇನ್ನಿಬ್ಬರನ್ನೂ ಕೈ ಚಾಚಿ ಸಾಲಾಗಿ ನಿಲ್ಲಿಸಿ ಶಟರ್ ಮಾಡಿದರು. ಅಜ್ಜಿಯ ಕೈಗೆ ತಮ್ಮ ಕೇಸರಿ ಶಾಲು ಕೊಟ್ಟು, ಇದೇ ಬೆಂಕಿ, ಬೀಸುತ್ತಿರಿ ಎಂದರು. ತಾವು ಶಟರಿನ ಹಿಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡರು.

ಆಮೇಲೆ ನನ್ನ ಅಣ್ಣನಾಗಿ ಅವರು ಹಾಡತೊಡಗಿದರು. ಬೆಂಕಿಯಲ್ಲಿ ಬೇಯುತ್ತಿರುವವನು ರಾಗ ಎಳೆದು, ಎದೆ ಬಡಿದುಕೊಂಡು, ಮಡದಿಯನ್ನು ನೆನೆದು, ವಿಧಿಯನ್ನು ಬೈದು, ಮೂರು ಕಡೆಗೂ ತಿರುಗಿ ನಮಸ್ಕಾರ ಮಾಡಿ, ಜಾಗ ನೋಡಿಕೊಂಡು ಮೆಲ್ಲಗೆ ಮಲಗಿದ. ಮಲಗುವ ಮುಂಚೆ ಪಂಚೆಯನ್ನೂ ಸರಿಮಾಡಿಕೊಂಡ.

ಇಲ್ಲಿ ನಮ್ಮ ಸೀಮೆಯ ಒಂದು ಚಾಳಿಯ ಬಗ್ಗೆ ಹೇಳಬೇಕು. ನಾಟಕದಲ್ಲಿ ರಾಜ ಚೆನ್ನಾಗಿ ಹಾಡುತ್ತ ಸತ್ತರೆ ಜನ ಅವನನ್ನು ಸಾಯಲು ಬಿಡುವುದಿಲ್ಲ. ಒನ್ಸ್ ಮೋರ್ ಎಂದು ಕೂಗುತ್ತಾರೆ. ಸತ್ತವನು ಎದ್ದು ಮೈಯ ಧೂಳು ಕೊಡವಿ, ಹಾರ್ಮೋನಿಯಂ ಕಡೆ ತಲೆ ಆಡಿಸಿ, ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಮೇಷ್ಟ್ರ ಇಡೀ ಯೌವನ ಹೀಗೆ ಸತ್ತು ಎದ್ದು ಸತ್ತು ಕಳೆದಿತ್ತು. ಅಜ್ಜಿಯ ಯೌವನ ಮುಂದಿನ ಸಾಲಿನಲ್ಲಿ ಕೂತು ಹೀಗೆ ಕೂಗುವುದರಲ್ಲಿ ಕಳೆದಿರಬೇಕು. ಅವರು ಅಭ್ಯಾಸಬಲದಿಂದ ಶಾಲು ಕೆಳಗಿಟ್ಟು, "ಒನ್ಸ್ ಮೋರ್," ಎಂದರು.

ಮೇಷ್ಟ್ರು ತಕ್ಷಣ ಎದ್ದರು. ಮೈ ಕೊಡವಿಕೊಂಡರು. ಮತ್ತೆ ಬಾಯಿ ತೆರೆದರು.

ನಾನು ಕುರ್ಚಿ ಒದ್ದು ಎದ್ದೆ. "ನಮ್ಮಣ್ಣ ಹಂಗೆ ಹಾಡ್ಲಿಲ್ಲ ಕಣ್ರೀ. ಯಾವನ್ರೀ ನಿಮಗೆ ಹೇಳಿದ್ದು ಹಾಡಿದ ಅಂತ?"

"ಮತ್ತೆ ಹೆಂಗೆ?" ಎಂದರು ಮೇಷ್ಟ್ರು. ಅವರಿಗೆ ಹಾಡು ನಿಂತದ್ದರ ಬಗ್ಗೆ ಬೇಸರವಾಗಿತ್ತು, ಅಷ್ಟೇ.

"ಕೂಗ್ದ. ಎರಡು ಸಲ. ನನ್ ಹೆಸ್ರು ಕೂಗ್ದ."

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದೆನೆಂದು ಗೊತ್ತಾದದ್ದು ಹೇಳಿದ ಮೇಲೆ. ಕೆಮ್ಮು ಬರಲಿಲ್ಲ. ಸಿಟ್ಟು ಹೊಗೆಗಿಂತ ಮುಂದೆ ಓಡಿಬಿಟ್ಟಿತ್ತು.

ಮುಂದಿನ ಭಾನುವಾರ ಹೋಗುವುದಿಲ್ಲ ಎಂದುಕೊಂಡವನು ಹೋದೆ. ನನ್ನ ಅಣ್ಣನನ್ನು ಆ ಮನುಷ್ಯನ ಬಾಯಲ್ಲಿ ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಅವರು ಮತ್ತೆ ತಪ್ಪು ಮಾಡಿದರು. ಈ ಸಲ ಹಾಡಲಿಲ್ಲ, ಬಾಗಿಲಿಗೆ ಹೆಗಲು ಕೊಟ್ಟು ಗುದ್ದಿದರು. ಗುದ್ದಲಿಲ್ಲ ಎಂದೆ, ಒಳಗೆ ಅಷ್ಟು ಜಾಗವೇ ಇರಲಿಲ್ಲ, ಚೀಲಗಳಿದ್ದವು ಎಂದೆ. ಇನ್ನೊಂದು ವಾರ ಅವರು ದೇವರನ್ನು ಕರೆದರು. ಕರೆಯಲಿಲ್ಲ ಎಂದೆ, ಅಣ್ಣ ಹಾಗೆ ದೇವರನ್ನು ಕರೆಯುವವನೇ ಅಲ್ಲ ಎಂದೆ. ಪ್ರತಿ ಸಲವೂ ಅಜ್ಜಿ "ಒನ್ಸ್ ಮೋರ್" ಎನ್ನುತ್ತಿದ್ದರು, ಪ್ರತಿ ಸಲವೂ ಆ ಮುದುಕ ಎದ್ದು ಹೊಸದೊಂದು ರೀತಿಯಲ್ಲಿ ಕೆಟ್ಟದಾಗಿ ಸಾಯುತ್ತಿದ್ದರು. ನಾನು ತಿದ್ದುತ್ತಿದ್ದೆ. ತಿದ್ದುತ್ತ ತಿದ್ದುತ್ತ ಆ ಮಧ್ಯಾಹ್ನವೆಲ್ಲ ನನ್ನ ಬಾಯಿಂದ ತುಂಡು ತುಂಡಾಗಿ ಹೊರಗೆ ಬಿತ್ತು. ಅತ್ತಿಗೆ ಗೋಡೆಯ ಹತ್ತಿರ ಕೂತು ಎಲ್ಲವನ್ನೂ ಕೇಳುತ್ತಿದ್ದರು.

ಕೊನೆಗೊಂದು ದಿನ ಮೇಷ್ಟ್ರು ಶಟರಿನ ಹಿಂದೆ ಮಂಡಿಯೂರಿ, ದನಿ ನಡುಗಿಸಿ, "ನನ್ನ ಹೆಂಡತಿಯನ್ನು ನೋಡಿಕೋ ತಮ್ಮಾ, ನನ್ನ ಮನೆಯನ್ನು ಬೆಳಗಿದವಳು ಅವಳು," ಎಂದು ಶುರುಮಾಡಿದರು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು.

"ನಿಲ್ಸಿ," ಎಂದೆ. "ಅವನು ಅಂಥ ಮಾತೇ ಆಡ್ಲಿಲ್ಲ. ಅತ್ತಿಗೆ ಸುದ್ದಿಯೇ ಎತ್ಲಿಲ್ಲ. ನಾನು ಶಟರ್ ಎತ್ತಕ್ಕೆ ಹೋಗಿದ್ದು ಸದ್ದಿಗೆ ಗೊತ್ತಾಯ್ತು ಅವನಿಗೆ. 'ಮುಟ್ಟಬೇಡ ಕಣೋ, ಕೈ ಸುಡ್ತದೆ' ಅಂದ. ಆಮೇಲೆ ಏನೂ ಅನ್ನಲಿಲ್ಲ. ಅಷ್ಟೇ ಅವನು ಅಂದಿದ್ದು."

ಶಟರ್ ಆಗಿದ್ದ ಡ್ರೈವರ್ ಕೈ ಇಳಿಸಿದ. ನಾನು ಅತ್ತಿಗೆಯ ಕಡೆ ನೋಡಲಾರದೆ ನೆಲ ನೋಡುತ್ತಿದ್ದೆ. ತನ್ನ ಹೆಸರನ್ನೂ ಎತ್ತದೆ ಹೋದ ಗಂಡನ ಬಗ್ಗೆ ಆಕೆಗೆ ಏನನ್ನಿಸುತ್ತದೋ ಎಂಬುದೇ ನನ್ನ ದಿಗಿಲಾಗಿತ್ತು.

ಅತ್ತಿಗೆ ಬಾಯಿಂದ ಸೆರಗು ತೆಗೆದು ಅಂದರು, "ಹಂಗೇ ಅವ್ರು. ಒಲೆ ಮೇಲಿನ ಹಾಲಿನ ಪಾತ್ರೆ ಇಳಿಸಕ್ಕೆ ಹೋದ್ರೂ ಎಲ್ಲಿದ್ರೂ ಅಲ್ಲಿಂದ್ಲೇ ಕೂಗ್ತಿದ್ರು, ಮುಟ್ಟಬೇಡ ಕಣೇ, ಕೈ ಸುಡ್ತದೆ ಅಂತ. ದಿನಾ ಅಂತಿದ್ರು." ಆಮೇಲೆ ಅವರು ಅತ್ತರು. ಅಣ್ಣ ಹೋದ ಮೇಲೆ ಅವರು ಹಾಗೆ ಹಗುರಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ.

ಮೇಷ್ಟ್ರು ಬೇಕೆಂದೇ ತಪ್ಪು ತಪ್ಪಾಗಿ ಆಡುತ್ತಿದ್ದರು, ನನ್ನ ಬಾಯಿ ಬಿಡಿಸಲು ಹೂಡಿದ ಉಪಾಯ ಅದು ಎಂದು ಅತ್ತಿಗೆ ಇಂದಿಗೂ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟು ಬುದ್ಧಿ ಅವರಿಗಿರಲಿಲ್ಲ. ಅವರು ನಿಜವಾಗಿಯೂ ಅಷ್ಟು ಕೆಟ್ಟ ನಟ. ಒಳ್ಳೆಯ ನಟನೊಬ್ಬ ಅಣ್ಣನನ್ನು ಹಾಗೇ ಕಣ್ಣೆದುರು ತಂದು ನಿಲ್ಲಿಸಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಎದ್ದು ಬರುತ್ತಿದ್ದೆ.

ನನ್ನ ಈ ಅಭಿಪ್ರಾಯಕ್ಕೆ ಬೇಕಾದ ಪುರಾವೆಯನ್ನು ಸ್ವಲ್ಪ ದಿನದಲ್ಲೇ ಅವರೇ ಒದಗಿಸಿದರು. ಬೇಲೂರಿನಲ್ಲೊಂದು ಸಮಾರಂಭ, ಮೇಷ್ಟ್ರು ನಮ್ಮನ್ನೆಲ್ಲ ಕರೆದಿದ್ದರು. ಬೆಂಗಳೂರಿನಿಂದ ಖಾದಿ ಕುರ್ತಾದ ಒಂದು ಗುಂಪು ಬಂದಿತ್ತು. ಮಾತಿನ ನಡುನಡುವೆ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವ ಜನ. ಮೇಷ್ಟ್ರು ಅವರ ಮುಂದೆ ಮೈಕು ಹಿಡಿದು ನನ್ನ ಕಥೆ ಹೇಳಿದರು, ರಾಗವಾಗಿ. ಹೇಳಿ, ನನ್ನನ್ನು ವೇದಿಕೆಗೆ ಕರೆದು, "ಬೆಂಕಿಗೆ ಹೆದರ್ತಿದ್ದ ಈ ಮಹಾನುಭಾವರೇ ಈಗ ದೀಪ ಬೆಳಗ್ತಾರೆ," ಎಂದು ನನ್ನ ಕೈಗೆ ಬೆಂಕಿಪೊಟ್ಟಣ ಇಟ್ಟುಬಿಟ್ಟರು. ನನಗೆ ಮುಂಚೆ ಒಂದು ಮಾತೂ ಹೇಳಿರಲಿಲ್ಲ. ಅತ್ತಿಗೆಗೆ ಹೇಳಬೇಕಾದದ್ದನ್ನು ಹೇಳಿದ್ದೆ ನಿಜ, ಆದರೆ ಕಡ್ಡಿ ಗೀರುವುದು ಬೇರೆ. ಮೊಣಕಾಲು ಕುಸಿಯಿತು. ಯಾರೋ ಹಿಡಿದುಕೊಂಡರು. ಕುರ್ತಾದವರು ಮೊಬೈಲ್ ಎತ್ತಿ ಹಿಡಿದಿದ್ದರು. ಪೊಟ್ಟಣವನ್ನು ಮೇಷ್ಟ್ರ ಕಾಲ ಬುಡಕ್ಕೆ ಎಸೆದು ಬಸ್ಸು ಹತ್ತಿದೆ. ಪಂಜರದ ಕೋತಿಯನ್ನು ತೋರಿಸುವ ಹಾಗೆ ನನ್ನನ್ನು ತೋರಿಸಿದ ಮನುಷ್ಯನ ಮುಖ ಇನ್ನು ನೋಡುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಅವರು ಅಂಗಡಿ ಮೆಟ್ಟಿಲ ಮೇಲೆ ಬಂದು ಕೂತಿದ್ದರು. ತಲೆಗೆ ಬಣ್ಣ ಹೊಸದಾಗಿ ಹಚ್ಚಿದ್ದರು, ಕಿವಿ ಎಂದಿಗಿಂತ ಕಪ್ಪಗಿತ್ತು. ನಾನು ಅವರನ್ನು ದಾಟಿಕೊಂಡು ಹೋಗಿ ಬೀಗ ತೆಗೆದೆ.

"ತಪ್ಪಾಯ್ತು ಸ್ವಾಮಿ," ಎಂದರು. ಆ ಹೊತ್ತು ದನಿಯಲ್ಲಿ ನಾಟಕ ಇರಲಿಲ್ಲ. "ಚಪ್ಪಾಳೆ ಅಂದ್ರೆ ನಂಗೆ ತಡ್ಕೊಳಕ್ಕಾಗಲ್ಲ. ನಿಮಗೆ ಬೆಂಕಿ ಹೆಂಗೋ ನಂಗೆ ಅದು ಹಂಗೆ. ಅದಕ್ಕೆ ಚಿಕಿತ್ಸೆ ನಂಗೆ ಗೊತ್ತಿಲ್ಲ."

ಆ ಮನುಷ್ಯ ಆಡಿದ್ದರಲ್ಲಿ ನಾನು ನಂಬಿದ ಒಂದೇ ಮಾತು ಅದು. ಒಳಗೆ ಕರೆದು ಕಾಫಿ ತರಿಸಿಕೊಟ್ಟೆ. ಹೋಗುವಾಗ ತಟ್ಟೆಯಲ್ಲಿದ್ದ ಬಿಸ್ಕತ್ತನ್ನೆಲ್ಲ ಜೇಬಿಗೆ ಹಾಕಿಕೊಂಡರು.

ಕಳೆದ ವರ್ಷ ಅವರಿಗೆ ಕಾಯಿಲೆ ಬಂತು. ಹಾಸನದ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದರು. ಅತ್ತಿಗೆ ಅಡುಗೆ ಮಾಡಿ ಕಳಿಸುತ್ತಿದ್ದರು, ಡ್ರೈವರ್ ಒಯ್ದು ಕೊಡುತ್ತಿದ್ದ, ನಾನು ಒಮ್ಮೊಮ್ಮೆ ಹೋಗಿ ಜಗಳವಾಡಿ ಬರುತ್ತಿದ್ದೆ. ನರ್ಸುಗಳಿಗೆ ರಂಗಗೀತೆ ಕೇಳಿಸಿ ಪಕ್ಕದ ಹಾಸಿಗೆಯವರ ನಿದ್ದೆ ಕೆಡಿಸುತ್ತಾರೆಂದು ದೂರಿತ್ತು. ಒಂದು ಬೆಳಿಗ್ಗೆ ಹೋದಾಗ ಹಾಡು ಇರಲಿಲ್ಲ.

ಹೆಣವನ್ನು ಹಳೇಬೀಡಿಗೆ ತಂದೆವು. ವ್ಯಾನ್ ಓಡಿಸಿದವನು ನಮ್ಮ ಡ್ರೈವರ್. ಅವನ ಕೈ ಸ್ಟಿಯರಿಂಗಿನ ಮೇಲೆ ನೆಟ್ಟಗಿತ್ತು. ಪಕ್ಕದಲ್ಲಿ ಕೂತ ನಾನು ಅದನ್ನು ನೋಡಿಯೂ ನೋಡದವನ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಕೆರೆಯ ದಂಡೆಯಲ್ಲಿ ಮುಖದ ಮೇಲಿನ ಬಟ್ಟೆ ಸರಿಸಿದಾಗ ನನಗೆ ಗುರುತೇ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಬಣ್ಣವಿಲ್ಲದೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಿವಿಗಳು ಶುಭ್ರವಾಗಿದ್ದವು. ಯಾರೋ ಗೌರವಸ್ಥ ಮುದುಕನ ಹಾಗೆ ಮಲಗಿದ್ದರು.

ಅವರದು ಸುಡುವ ಜನ. ಕೊಳ್ಳಿ ಇಡಲು ಅವರ ಕಡೆಯವರು ಯಾರೂ ಇರಲಿಲ್ಲ. ಡ್ರೈವರ್ ಇಡಬಹುದಿತ್ತು, ಆದರೆ ಅವನ ತಂದೆ ಬದುಕಿದ್ದರು, ತಂದೆ ಇರುವವನು ಇಡಬಾರದು ಎಂದರು ಅಲ್ಲಿದ್ದ ಹಿರಿಯರು. ಬಂದಿದ್ದವರು ಬೆರಳೆಣಿಕೆಯ ಜನ. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ನನ್ನ ಮೇಲೆ ಬಂದು ನಿಂತಿತು.

"ನಮ್ಮಲ್ಲಿ ಸುಡೋ ಪದ್ಧತಿ ಇಲ್ಲ," ಎಂದೆ. ಅದು ನೆಪವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅತ್ತಿಗೆ ದೂರದಲ್ಲಿ ಅಜ್ಜಿಯ ಜೊತೆ ನಿಂತಿದ್ದರು. ನಡೆದು ಬಂದು, ಉರಿಯುತ್ತಿದ್ದ ಕೊಳ್ಳಿಯನ್ನು ಹಿರಿಯರ ಕೈಯಿಂದ ಇಸಿದುಕೊಂಡು ನನ್ನ ಮುಂದೆ ಹಿಡಿದರು. "ಇಡಪ್ಪ," ಎಂದರು. ಆಮೇಲೆ ಮೆಲ್ಲಗೆ, "ಜೋಪಾನ. ಕೈ ಸುಡ್ತದೆ."

ಹಿಡಿದುಕೊಂಡೆ. ಮೊಣಕಾಲು ನಡುಗಿತು, ಕುಸಿಯಲಿಲ್ಲ. ಸೌದೆಯ ಸಂದಿಗೆ ಕೊಳ್ಳಿ ತುರುಕಿದೆ. ತಿರುಗಿ ನೋಡಬಾರದು, ಹಾಗೇ ನಡೆಯಿರಿ ಎಂದರು ಹಿರಿಯರು. ನಾನು ತಿರುಗಿ ನಿಂತೇ ನೋಡಿದೆ. ಬೆಂಕಿ ಕಾಲಿನಿಂದ ಎದೆಗೆ ಬರುವವರೆಗೂ ನೋಡಿದೆ. ಆ ಹೊಗೆಯಲ್ಲಿ ಬಾಯಿ ತೆರೆದು, ಯಾರಿಗೂ ಕೇಳದ ಹಾಗೆ, ಆ ದರಿದ್ರ ಮನುಷ್ಯನಿಗೆ ನನ್ನ ಜೀವಮಾನದಲ್ಲಿ ಎಂದೂ ಹೇಳದಿದ್ದ ಮಾತು ಹೇಳಿದೆ.

"ಒನ್ಸ್ ಮೋರ್."

ಏಳಲಿಲ್ಲ. ಅಷ್ಟು ಸಲ ಸತ್ತವರು, ಸರಿಯಾಗಿ ಸತ್ತದ್ದು ಅದೊಂದೇ ಸಲ.